ಪಿ.ಎಫ್. ಹಿಡೀಲೋ, ಬ್ಯಾಡೋ?

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿರುವ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಪಗಾರದ ಲೆಕ್ಕ ಬರೆಯುವವನು ನಾನು. ಪಿ.ಎಫ್. ಕಡ್ಡಾಯವಲ್ಲದ, ತುಸು ದೊಡ್ಡ ಪಗಾರಕ್ಕೆ ಸೇರುವವರನ್ನು "ಪಿ.ಎಫ್. ಹಿಡೀಲೋ, ಬ್ಯಾಡೋ?" ಎಂದು ಕೇಳುವುದು ನನ್ನ ಕೆಲಸ. ಇಷ್ಟು ಸಣ್ಣ ಪ್ರಶ್ನೆಗೆ ಬರುವ ಉತ್ತರಗಳನ್ನು ಕೇಳೀ ಕೇಳೀ ಮನೆಯಲ್ಲಿ ಟಿ.ವಿ. ಹಚ್ಚುವುದನ್ನೇ ಬಿಟ್ಟಿದ್ದೇನೆ.

ಕಂಪ್ಲಿಯ ಕ್ರೇನ್ ಆಪರೇಟರ್

"ಬ್ಯಾಡ್ರಿ ಸರ. ಮುದುಕಾದಾಗ ತಿನ್ನಾಕ ಹಲ್ಲ ಇರಂಗಿಲ್ಲ, ರೊಕ್ಕ ತಗೊಂಡು ಏನ್ ಮಾಡ್ಲಿ?" ಎಂದು ಬೇಡವೆಂದೇ ಸಹಿ ಹಾಕಿದ. ಮರುವರ್ಷ ತಂಗಿಯ ಮದುವೆ ಗೊತ್ತಾಯಿತು. ಬಂದು ಕುರ್ಚಿ ಎಳೆದುಕೊಂಡು ಕೂತ.

"ಸರ, ಪಿ.ಎಫ್. ತೆಗೀಬೇಕಾಗಿತ್ರಿ."

"ನೀನು ಕಟ್ಟೇ ಇಲ್ಲಲ್ಲೋ ಮಾರಾಯ!"

ಅವನಿಗೆ ನಿಜಕ್ಕೂ ಬೇಜಾರಾಯಿತು. "ಅಂದ್ರ, ಕಟ್ಟಿದವರಿಗೆ ಅಷ್ಟ ಕೊಡ್ತಾರೇನ್ರಿ? ಇದೆಂಥಾ ಅನ್ಯಾಯ!"

ಮಾಲೀಕರ ಮಕ್ಕಳು

ನೌಕರ ಕಟ್ಟಿದರೆ ಕಂಪನಿಯೂ ತನ್ನ ಪಾಲು ಕಟ್ಟಬೇಕು. ಹಾಗಾಗಿ ನಮ್ಮ ಮಾಲೀಕರಿಗೆ ನೌಕರರ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿತು. ಎಲ್ಲರನ್ನೂ ಕರೆದು ಮಿರ್ಚಿ ಮಂಡಕ್ಕಿ ತಿನ್ನಿಸಿದರು.

"ಪಿ.ಎಫ್. ಯಾಕ್ರಪಾ? ನೀವೆಲ್ಲ ನನ್ನ ಮಕ್ಕಳಿದ್ದಂಗ. ವಯಸ್ಸಾದ ಮ್ಯಾಲೆ ನಾ ನೋಡ್ಕೊಳ್ಳಂಗಿಲ್ಲೇನು?"

ಹಿಂದಿನಿಂದ ಹಳೆಯ ಫಿಟ್ಟರ್ ಎದ್ದು ನಿಂತ. "ಭಾಳ ಸಂತೋಷ ಆತ್ರಿ ಸಾಹೇಬ್ರ. ಹಂಗಾರ ಆಸ್ತಿಯೊಳಗ ನಮ್ಮ ಪಾಲು ಎಷ್ಟ್ ಬರ್ತೈತ್ರಿ?"

ಮಾಲೀಕರು ರಿಂಗೇ ಆಗದ ಫೋನನ್ನು ಕಿವಿಗಿಟ್ಟುಕೊಂಡು ಹೊರನಡೆದರು.

ತಜ್ಞರು

ಉಳಿತಾಯದ ಬಗ್ಗೆ ಭಾಷಣ ಮಾಡಲು ಒಬ್ಬ ತಜ್ಞರು ಬಂದಿದ್ದರು. ಕೋಟು, ಟೈ. "ಈಗಲೇ ಉಳಿಸಿದರೆ ನಿವೃತ್ತಿಯ ನಂತರ ಕಾಲ ಮೇಲೆ ಕಾಲು ಹಾಕಿಕೊಂಡು ಹಂಪಿಯ ಹೊಳೆದಂಡೆಯಲ್ಲಿ ಕೂರಬಹುದು" ಎಂದರು. ಚಪ್ಪಾಳೆಯೂ ಬಿತ್ತು.

ಊಟದ ಹೊತ್ತಿಗೆ ನಾನು ಕೇಳಿದೆ, "ತಾವು ಯಾವಾಗ ರಿಟೈರ್ ಆಗ್ತೀರಿ ಸರ್?"

"ಆಗಿ ಭಾಳ ವರ್ಷ ಆತ್ರಿ" ಎಂದರು, ದನಿ ತಗ್ಗಿಸಿ. "ಖರ್ಚಿಗೆ ಸಾಲಂಗಿಲ್ಲ ಅಂತ ಭಾಷಣಕ್ಕ ಹೊಂಟೀನಿ."

ಬುಕ್ಕಸಾಗರದ ಅಕ್ಕ

ಇದು ನಮ್ಮ ವೆಲ್ಡಿಂಗ್ ಫೋರ್‌ಮನ್ನನ ಸಂಗತಿ. ಸೇರುವಾಗಲೇ ಪಿ.ಎಫ್. ಬೇಡವೆಂದಿದ್ದವನು. ಒಂದು ದಿನ ಅವನ ಹೆಂಡತಿ ಬುಕ್ಕಸಾಗರದಿಂದ ನೇರವಾಗಿ ಆಫೀಸಿಗೇ ಬಂದರು. ಮಗಳಿಗೆ ಟೇಲರಿಂಗ್ ಅಂಗಡಿ ಹಾಕಿಕೊಡಬೇಕಂತೆ. "ನಾಕು ವರ್ಷದಿಂದ ಇವರ ಪಗಾರದಾಗ ಪಿ.ಎಫ್. ಹಿಡ್ಯಾಕತ್ತೀರಲ್ರಿ, ಅದ್ರಾಗ ಸ್ವಲ್ಪ ಕೊಡ್ರಿ."

ಅವರ ಬೆನ್ನ ಹಿಂದೆ ನಿಂತಿದ್ದ ಫೋರ್‌ಮನ್ ನನಗೆ ಕೈಮುಗಿದ. ಕೆನ್ನೆ ಕೆನ್ನೆ ಬಡಿದುಕೊಂಡ. "ಸರ್ವರ್ ಡೌನ್ ಐತಿ ಅನ್ರಿ" ಎಂದು ಬಾಯಲ್ಲೇ ಸನ್ನೆ ಮಾಡಿದ. ಆದರೆ ಆ ತಾಯಿಯ ಮುಖ ನೋಡಿ ಸುಳ್ಳು ಹೇಳಲು ನನಗಾಗಲಿಲ್ಲ.

"ಅಕ್ಕಾರ, ಇವರು ಪಿ.ಎಫ್. ಸೇರೇ ಇಲ್ರಿ. ಪಗಾರ ಪೂರಾ ಕೈಗೇ ಹೋಗ್ತೈತಿ."

ಆಕೆ ತಿರುಗಿದರು. "ಕಟ್ ಆತು, ಕಟ್ ಆತು ಅಂತಿದ್ದಿರಲ್ಲ, ಎಲ್ಲಿ ಕಟ್ ಆತು?"

ಅದು ಡ್ಯಾಂ ಕಡೆ ಗೆಳೆಯರ ಜೊತೆ ಫೋರ್‌ಮನ್ ಆಡುವ ಇಸ್ಪೀಟಿನಲ್ಲಿ ಕಟ್ ಆಗಿದ್ದು ಆಫೀಸಿಗೆಲ್ಲ ಗೊತ್ತಿತ್ತು.

ಆಕೆ ಅಳಲಿಲ್ಲ, ಕೂಗಾಡಲೂ ಇಲ್ಲ. "ಈ ತಿಂಗಳಿಂದ ಹಿಡೀರಿ ಸರ" ಎಂದರು.

"ಏ, ಬ್ಯಾಡ್ರಿ!" ಎಂದು ನನಗೆ ಹೇಳಿ ಫೋರ್‌ಮನ್ ಹೆಂಡತಿಯ ಕಡೆ ತಿರುಗಿದ. "ಮನಿಗೆ ಬರೋ ಪಗಾರ ಕಡಿಮಿ ಆಗ್ತೈತಿ, ನೀ ಸಂಸಾರ ಹೆಂಗ ಮಾಡ್ತಿ?"

"ನಂಗೇನು ಕಡಿಮಿ ಆಗಂಗಿಲ್ಲ ಬಿಡ್ರಿ" ಎಂದರು ಆಕೆ, ಸೆರಗು ಸರಿಮಾಡಿಕೊಳ್ಳುತ್ತ. "ನಂಗ ನಾಕು ವರ್ಷದಿಂದ ಕಟ್ ಆದ ಪಗಾರನ ಬರಾಕತ್ತೈತಿ!"