ಬುಡದಿಂದ ಚಿಗುರಿನವರೆಗೂ ನನ್ನದು!

"ನನ್ನ ಮೊಮ್ಮಗು ಅಂಗಡಿ ತೊಟ್ಟಿಲಲ್ಲಿ ಮಲಗಿದ್ರೆ ಈ ಮೀಸೆ ಬೋಳಿಸ್ಕೋತೀನಿ!"

ಪಂಪು ರಿಪೇರಿಯ ಮೇಸ್ತ್ರಿ ಬಸುರಿ ಮಗಳೆದುರು ಹೀಗೆ ಗುಡುಗಿದಾಗ ಹೆರಿಗೆಗೆ ಎರಡು ತಿಂಗಳಿತ್ತು. ಬೀದಿಯವರು ಅವನಿಗೆ ಇಟ್ಟ ಹೆಸರು ಪಟಾಕಿ ಮೇಸ್ತ್ರಿ. ಬತ್ತಿಗೆ ಬೆಂಕಿ ತಾಗಿಸುವುದೇ ಬೇಡ, ಬೆಂಕಿಪೊಟ್ಟಣ ತೋರಿಸಿದರೆ ಸಾಕು! ತೊಟ್ಟಿಲು ತಾನೇ ಮಾಡಲು ಹಿತ್ತಲಲ್ಲಿ ಮರ ಕಡೆಯುವ ಹಳೆಯ ಲೇತ್ ಇತ್ತು. ಇಲ್ಲದ್ದು ಮರ ಮಾತ್ರ.

ಅದನ್ನೂ ಬಿರುಗಾಳಿ ಒದಗಿಸಿತು. ಬೆಳಗ್ಗೆ ನೋಡಿದರೆ ಬೀದಿಯ ದೊಡ್ಡ ಮರ ಅಂಗಾತ! ರಸ್ತೆ ತೆರವು ಮಾಡುವವರು "ಬೇಕಾದವರು ಒಯ್ಯಿರಿ" ಎಂದು ಕೈತೊಳೆದುಕೊಂಡಿದ್ದರು; ಸೌದೆಗೆಂದು ಆಗಲೇ ನಾಲ್ಕು ಕೊಡಲಿ ಹಾಜರು. ಮೇಸ್ತ್ರಿ ಕಾಂಡದ ಮೇಲೆ ಹತ್ತಿ, ರಾಜ್ಯ ಗೆದ್ದ ಚಕ್ರವರ್ತಿಯ ಹಾಗೆ ನಿಂತ.

"ಈ ಮರ ನನ್ನದು! ಬುಡದಿಂದ ಚಿಗುರಿನವರೆಗೂ ನನ್ನದು!"

ಕೊಡಲಿಗಳು ಹಿಂದೆ ಸರಿದವು. ಮುಂದೆ ಬಂದವನು ಎದುರುಮನೆಯ ದರ್ಜಿ, ಸಾಧು ಪ್ರಾಣಿ.

"ಅಣ್ಣಾ, ಮರ ನಿಮ್ದೇನಾ?"

"ನಂದೇ! ಎಷ್ಟು ಸಲ ಬೊಗಳಲಿ?"

"ಹಾಗಾದ್ರೆ ನಿಮ್ಮ ಮರ ನಮ್ಮ ಗೇಟಿನ ಮೇಲೆ ಯಾಕೆ ಮಲಗಿದೆ?"

ಕೊಂಬೆಯಡಿ ಗೇಟು ಚಿಂದಿಯಾಗಿತ್ತು. ಬೀದಿ ಕಿಸಕ್ಕೆಂದಿತು. ಆಡಿದ ಮಾತು ನುಂಗಿದರೆ ಪಟಾಕಿ ಎಂಬ ಬಿರುದಿಗೇ ಕುಂದಲ್ಲವೇ!

"ಗೇಟು ತಾನೆ? ಹೊಸದು ಕಡೆದು ಕೊಡ್ತೀನಿ, ಹೋಗಯ್ಯ!"

ಅಷ್ಟೇ, ಸಾಲು ಹತ್ತಿತು. ಮರದಡಿ ಮುರಿದ ಚಹಾದಂಗಡಿಯವನ ಬೆಂಚು, ಮೇಷ್ಟ್ರ ಏಣಿ. ಮೂಲೆಮನೆಯ ಅಜ್ಜಿ ಮುರಿದ ಊರುಗೋಲು ಹಿಡಿದು ಬಂದಳು.

"ಅಜ್ಜಿ, ಇದು ಹೋದ ವರ್ಷ ಮುರಿದಿದ್ದಲ್ವಾ?"

"ಮರ ನಿಂದೇ ತಾನೆ, ಮಗಾ?"

ಹಸಿ ಮರ. ಲೇತ್ ತಿರುಗಿದ್ದೇ ತಡ, ಮರದ ನೀರು ಚಿಮ್ಮಿ ಒಣಹಾಕಿದ ಬಟ್ಟೆಗೆಲ್ಲ ಮತ್ತೊಮ್ಮೆ ಸ್ನಾನ! ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಮರ ಕಡೀತಿದ್ದೀರೋ, ಮಜ್ಜಿಗೆ ಕಡೀತಿದ್ದೀರೋ?"

"ಸುಮ್ನಿರೇ! ತೊಟ್ಟಿಲ ಕಾಲಿಗೆ ನಾಲ್ಕು ತುಂಡು ಎತ್ತಿಟ್ಟಿದ್ದೀನಿ."

"ತುದಿಗೆ ಮೇಣ ಬಳಿದ್ರಾ? ಇಲ್ದಿದ್ರೆ ಸೀಳುತ್ತೆ ಅಂತ ನೀವೇ ಅಂದಿದ್ರಿ."

"ನನಗೇ ಪಾಠ ಹೇಳ್ತೀಯಾ?"

ಸಿಟ್ಟಿನ ಭರದಲ್ಲಿ ಮೇಣ ಮರೆತೇಹೋಯಿತು. ತಿಂಗಳೊಳಗೆ ನಾಲ್ಕೂ ತುಂಡು ಬಾಯಿ ಬಿಟ್ಟವು. ನೋಡಿ ಮೇಸ್ತ್ರಿಯೂ ಬಿಟ್ಟ. ಮಿಕ್ಕ ಮರವೆಲ್ಲ ಬೀದಿಯವರ ಪಾಲಾಗಿತ್ತು; ಸೀಳದೆ ಉಳಿದದ್ದು ಮುಷ್ಟಿಯಷ್ಟು. ಅದರಲ್ಲಿ ಒಂದು ಗಿಲಕಿ ಕಡೆದ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು!

ಮೊಮ್ಮಗಳು ಮನೆಗೆ ಬಂದಳು. "ತೊಟ್ಟಿಲು ಎಲ್ಲಪ್ಪಾ?" ಎಂದಳು ಮಗಳು. ಮೇಸ್ತ್ರಿ ತಲೆ ತಗ್ಗಿಸಿ ಗಿಲಕಿ ಚಾಚಿದ.

ಆಗ ಬಾಗಿಲಲ್ಲಿ ದರ್ಜಿ. ಕಂಕುಳಲ್ಲಿ ಅವನೇ ಹೊಲಿದ ಬಟ್ಟೆಯ ತೊಟ್ಟಿಲು!

"ಅಂಥಾ ಗೇಟು ಕೊಟ್ರಲ್ಲ ಅಣ್ಣಾ, ಇದು ನಮ್ಮ ಕಡೆಯಿಂದ."

ಹಿಂದೆಯೇ ಚಹಾದಂಗಡಿಯವನು ಹಗ್ಗ ತಂದ. ಮೇಷ್ಟ್ರು ಹೊಸ ಏಣಿ ಹತ್ತಿ ಅದನ್ನು ತೊಲೆಗೆ ಬಿಗಿದರು. ಅಜ್ಜಿ ಕೂಸು ಮಲಗಿದ ತೊಟ್ಟಿಲನ್ನು ಕೂತಲ್ಲಿಂದಲೇ ಹೊಸ ಊರುಗೋಲಲ್ಲಿ ತೂಗಿದಳು. ಮೇಸ್ತ್ರಿಯ ಕಣ್ಣು ಒದ್ದೆಯಾಯಿತು. ಮರದ ನೀರು ಸಿಡಿದದ್ದು ಎನ್ನಲು ಲೇತೂ ತಿರುಗುತ್ತಿರಲಿಲ್ಲ!

"ಅಂಗಡಿಯದಲ್ಲ! ಮೀಸೆ ಉಳೀತು!" ಎಂದು ಬೀಗುತ್ತಾ ಗಿಲಕಿ ಆಡಿಸಲು ಬಗ್ಗಿದ. ಕೂಸು ಗಿಲಕಿಯತ್ತ ತಿರುಗಿಯೂ ನೋಡದೆ ಮೀಸೆಯನ್ನೇ ಗಪ್ಪನೆ ಹಿಡಿಯಿತು.

"ಅಯ್ಯಯ್ಯೋ, ಬಿಡೇ! ಅದು ನನ್ನ..."

"ರೀ!" ಎಂದಳು ಹೆಂಡತಿ. "ನನ್ನದು ಅನ್ನೋ ಮುಂಚೆ ಯೋಚ್ನೆ ಮಾಡಿ. ಹೋದ ಸಲ ಒಂದು ಗೇಟು ತಲೆ ಮೇಲೆ ಬಿತ್ತು!"

ಪಟಾಕಿ ಟುಸ್ಸೆಂದಿತು.

"ನಿಂದೇ ಕಣಮ್ಮಾ," ಎಂದ ಮೇಸ್ತ್ರಿ ಕೂಸಿಗೆ, ಬಗ್ಗಿದಲ್ಲೇ. "ಬುಡದಿಂದ ಚಿಗುರಿನವರೆಗೂ ನಿಂದೇ!"