ಹೆಂಡತಿಯ ಸ್ಕೋಪು, ನನ್ನ ಹುಬ್ಬು

ಹೆದರುವವನ ಮನೆಯನ್ನು ಹೆದರಿಸುವ ವಸ್ತುಗಳು ಹೇಗೋ ಹುಡುಕಿಕೊಂಡು ಬಂದೇಬಿಡುತ್ತವೆ. ನನ್ನ ವಿಷಯದಲ್ಲಂತೂ ಇದು ಒಂದು ಸಲವೂ ತಪ್ಪಿಲ್ಲ. ಕುಕ್ಕರ್ ವಿಷಲ್ ಹಾಕುವ ಮುಂಚೆ ಅಡುಗೆಮನೆ ಬಿಟ್ಟು ಆಚೆ ಬರುವ ಆಸಾಮಿ ನಾನು. ಬೆಂಗಳೂರಿನಲ್ಲಿದ್ದಾಗ ದೀಪಾವಳಿ ಮುಗಿಯುವ ತನಕ ಕಿವಿಗೆ ಹತ್ತಿ ತುರುಕಿಕೊಂಡು, ಕೇಳಿದವರಿಗೆ ನೆಗಡಿ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹುಟ್ಟುಹಬ್ಬಕ್ಕೆ ಕರೆದರೆ ಬಲೂನು ಕಟ್ಟದ ಮೂಲೆ ಯಾವುದೆಂದು ಮೊದಲು ನೋಡುತ್ತೇನೆ.

ಇಂಥವನನ್ನು ಮದುವೆಯಾದವಳು ಕಣ್ಣಿನ ಡಾಕ್ಟರು. ಪೊರೆ ತೆಗೆಯುವಾಗ ಅವಳ ಕೈ ಕೂದಲೆಳೆಯಷ್ಟೂ ಅಲುಗುವುದಿಲ್ಲ ಎಂದು ಅವಳ ಜೊತೆಯವರು ಹೇಳುತ್ತಾರೆ. ಅವಳ ಕೆಲಸ ಬದಲಾದಂತೆ ನಾವು ಪರ್ತ್, ಬ್ರಿಸ್ಬೇನ್, ಅಡಿಲೇಡ್ ಎಂದು ಊರು ಬದಲಿಸಿದೆವು. ನನ್ನದು ಲ್ಯಾಪ್‌ಟಾಪ್ ಕೆಲಸ, ಹೋದ ಕಡೆಗೆ ಬರುತ್ತದೆ. ಹೆದರಿಕೆಯೂ ಜೊತೆಗೇ ಬಂತು.

ಅರ್ಧಚಂದ್ರ

ಪರ್ತ್‌ನಲ್ಲಿ ಇವಳಿಗೆ ತನಗೊಂದು ಹವ್ಯಾಸ ಬೇಕು ಅನ್ನಿಸಿತು. ನಾನು ರಂಗೋಲಿ, ಹೊಲಿಗೆ, ಕುಂಡದಲ್ಲಿ ಕರಿಬೇವು ಬೆಳೆಸುವುದು, ಹೀಗೆ ಸದ್ದಿಲ್ಲದ ಹವ್ಯಾಸಗಳನ್ನೆಲ್ಲ ಹೇಳಿ ನೋಡಿದೆ. ಒಂದು ಶನಿವಾರ ಫ್ರೀಮ್ಯಾಂಟಲ್‌ನಲ್ಲಿ ಕಾಫಿ ಕುಡಿಯುತ್ತಿದ್ದಾಗ ನಿಧಾನಕ್ಕೆ ವಿಷಯ ತೆಗೆದಳು.

"ರೀ, ನಮ್ಮ ಆಪರೇಷನ್ ಥಿಯೇಟರ್ ನರ್ಸ್ ಜೊತೆ ಒಂದು ಕ್ಲಬ್ಬಿಗೆ ಹೋಗಿದ್ದೆ. ಐನೂರು ಮೀಟರ್ ದೂರದ ಬೋರ್ಡಿಗೆ ಹೊಡೆದೆ ಕಣ್ರೀ. ನಡುಮಧ್ಯಕ್ಕೇ ಬಿತ್ತು!"

"ಯಾತ್ರಲ್ಲಿ ಹೊಡೆದೆ?"

"ರೈಫಲ್ಲಲ್ಲಿ. ಅಷ್ಟು ದೂರಕ್ಕೆ ಕಲ್ಲಲ್ಲಿ ಹೊಡೆಯಕ್ಕಾಗುತ್ತಾ?"

ನನ್ನ ಕಾಫಿ ಅರ್ಧ ಸಾಸರಿಗೆ ಇಳಿಯಿತು. ಅವಳ ಮುಖ ನೋಡಿದೆ, ಮಗಳು ಹುಟ್ಟಿದ ದಿನ ಬಿಟ್ಟರೆ ಅದು ಇಷ್ಟು ಅರಳಿದ್ದಿಲ್ಲ. ಬೇಡ ಅನ್ನಲು ಬಾಯಿ ಬರಲಿಲ್ಲ. ಮುಂದಿನ ವಾರ ಜೊತೆಗೆ ಹೋದೆ.

ಅಲ್ಲಿ ಕ್ಲಬ್ಬಿನ ಹಿರಿಯರೊಬ್ಬರು, ಎಪ್ಪತ್ತರ ಆಸುಪಾಸಿನವರು, ನನಗೆ ಎಲ್ಲ ವಿವರಿಸಿದರು. ಬಂದೂಕಿನ ಮೇಲೆ ಕೂರಿಸುವ ದುರ್ಬೀನಿಗೆ ಸ್ಕೋಪು ಎನ್ನುತ್ತಾರೆ. ಕಣ್ಣಿಗೂ ಅದಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಇರಲೇಬೇಕು. ಹತ್ತಿರ ಹೋದರೆ, ಗುಂಡು ಮುಂದಕ್ಕೆ ಹೋದಾಗ ಬಂದೂಕು ಹಿಂದಕ್ಕೆ ಒದ್ದು, ಸ್ಕೋಪಿನ ದುಂಡನೆಯ ಅಂಚು ಬಂದು ಹುಬ್ಬಿಗೆ ಬಡಿಯುತ್ತದೆ.

ಇವಳ ಬದುಕೇ ಕಣ್ಣಿನ ಮೇಲೆ ನಿಂತಿದೆ. ಬೇರೆಯವರ ಕಣ್ಣು ಸರಿಮಾಡುವವಳ ಕಣ್ಣಿಗೇ ಏಟು ಬಿದ್ದರೆ ಗತಿಯೇನು? ಅವತ್ತು ಹಿಡಿದ ಆ ಭಯ ನನ್ನನ್ನು ಮೂರು ಊರು ಬಿಡಲಿಲ್ಲ.

"ತುಂಬ ಜನಕ್ಕೆ ಹಾಗಾಗುತ್ತಾ?" ಎಂದು ಕೇಳಿದೆ.

"ಹೆದರಬೇಡ ಮೇಟ್. ಒಂದೇ ಒಂದು ಸಲ ಆಗುತ್ತೆ, ಆಮೇಲೆ ಎಲ್ಲರೂ ಕಲಿತುಬಿಡ್ತಾರೆ," ಎಂದು ಹಿರಿಯರು ಬಿಸಿಲಿಗೆ ಹಾಕಿದ್ದ ಹ್ಯಾಟು ತೆಗೆದು ಬೆವರು ಒರೆಸಿಕೊಂಡರು.

ಅವರ ಹುಬ್ಬಿನ ಮೇಲೆ ಒಂದರ ಪಕ್ಕ ಒಂದು ಮೂರು ಅರ್ಧಚಂದ್ರಗಳಿದ್ದವು.

ಬಿಸಿಲಿಗೆ ಹಿಡಿದು ನೋಡಬೇಕು

ಬ್ರಿಸ್ಬೇನ್‌ನಲ್ಲಿ ಎಯ್ಟ್ ಮೈಲ್ ಪ್ಲೇನ್ಸ್ ಕಡೆ ಮನೆ ಮಾಡಿದೆವು. ಸ್ವಂತ ರೈಫಲ್ಲಿಗೆ ಪರವಾನಗಿ ಬರುವುದು ಇನ್ನೂ ತಡವಿತ್ತು. ಅಷ್ಟರಲ್ಲಿ ಸ್ಕೋಪನ್ನಾದರೂ ಆರಿಸಿ ಇಟ್ಟುಕೊಳ್ಳೋಣ ಎಂದಳು. ನಾನು ತಕ್ಷಣ ಒಪ್ಪಿದೆ. ಬಂದೂಕಿಲ್ಲದ ಸ್ಕೋಪು ಹಲ್ಲು ಕಿತ್ತ ಹಾವಲ್ಲವೇ, ಬಂದು ಮನೆಯಲ್ಲಿರಲಿ.

ಆಗ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಮಗಳು ಬಂದೂಕು ಹಿಡಿಯುವ ವಿಷಯ ಅವರಿಗೆ ಹೇಳಿರಲಿಲ್ಲ. ದುರ್ಬೀನು ತರೋಕೆ ಹೋಗ್ತೀವಿ ಎಂದೆವು.

"ನಾನೂ ಬರ್ತೀನಿ. ಆರಿಸೋದು ನಿಮಗೇನು ಗೊತ್ತಾಗುತ್ತೆ?" ಎಂದು ಅತ್ತೆ ಚಪ್ಪಲಿ ಮೆಟ್ಟಿದರು. ಮೈಸೂರಿನ ರೇಷ್ಮೆ ಸೀರೆ ಅಂಗಡಿಗಳವರು ಅವರು ಬಂದರೆಂದರೆ ಮೊದಲು ನೀರು ಕುಡಿದು ಸಿದ್ಧರಾಗುತ್ತಿದ್ದರಂತೆ.

ಅಂಗಡಿಯವನು, ಬೇಟೆಗೋ ಗುರಿಯ ಸ್ಪರ್ಧೆಗೋ ಎಂದು ಕೇಳಿದ. ಬೇಟೆಗಾದರೆ ಹಗುರವಾದದ್ದು, ಜೂಮ್ ಕಡಿಮೆ, ನೋಟ ಅಗಲ. ದೂರದ ಗುರಿಗಾದರೆ ಭಾರದ್ದು, ಜೂಮ್ ಜಾಸ್ತಿ. ಇವಳು ಒಂದೊಂದನ್ನೂ ಕಣ್ಣಿಗೆ ಹಿಡಿದು, ಗಾಜಿನ ಅಂಚಿನ ತನಕ ಸ್ಪಷ್ಟವಾಗಿದೆಯೇ ಎಂದು ನೋಡುತ್ತ ನಿಂತಳು. ನನ್ನದು ಒಂದೇ ಪ್ರಶ್ನೆ, ಕಣ್ಣಿಗೂ ಇದಕ್ಕೂ ಅತಿ ಹೆಚ್ಚು ಜಾಗ ಬಿಡುವುದು ಯಾವುದು? ಅದನ್ನೇ ನಾನು ಎಷ್ಟು ಸಲ ಕೇಳಿದೆನೆಂದರೆ, ಕೊನೆಗೆ ಆತ ನಾನು ಬಾಯಿ ತೆರೆದ ಕೂಡಲೇ ಉತ್ತರ ಕೊಡಲು ಶುರುಮಾಡಿದ.

ಅತ್ತೆ ಕೌಂಟರಿನ ಮುಂದೆ ಕುರ್ಚಿ ಹಾಕಿಸಿಕೊಂಡರು. "ಆ ಮೇಲಿಂದು ತೆಗಿಯಪ್ಪಾ. ಅದಲ್ಲ, ಅದರ ಪಕ್ಕದ್ದು. ಇದೇ ಡಿಸೈನಲ್ಲಿ ಕಪ್ಪು ಬಿಟ್ಟು ಬೇರೆ ಬಣ್ಣ ಇಲ್ವಾ?" ಆತನಿಗೆ ಕನ್ನಡ ಬಾರದು, ಆದರೆ ಅತ್ತೆಯ ಬೆರಳು ಅರ್ಥವಾಗುತ್ತಿತ್ತು. ಕೌಂಟರ್ ತುಂಬ ತೆರೆದ ಡಬ್ಬಗಳು.

"ಈ ಟ್ಯೂಬ್‌ಲೈಟ್ ಬೆಳಕಲ್ಲಿ ಯಾರಾದ್ರೂ ವ್ಯಾಪಾರ ಮಾಡ್ತಾರಾ? ಬಿಸಿಲಿಗೆ ಹಿಡಿದು ನೋಡ್ಬೇಕು," ಎಂದವರೇ ಒಂದನ್ನು ಎತ್ತಿಕೊಂಡು ಹೊರಟರು. ನಾವು ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಕಾರ್ ಪಾರ್ಕಿನ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕಪ್ಪು ಕೊಳವೆಯನ್ನು ಕಣ್ಣಿಗೇರಿಸಿ, ರಸ್ತೆಯಾಚೆಯ ಪೆಟ್ರೋಲ್ ಬಂಕಿನ ಕಡೆಗೆ ಗುರಿ ಹಿಡಿದು ನಿಂತಿದ್ದರು. ಅಲ್ಲಿ ಪೆಟ್ರೋಲ್ ಹಾಕಿಕೊಳ್ಳುತ್ತಿದ್ದವನು ಇವರನ್ನು ಕಂಡು ಪೈಪು ಬಿಟ್ಟು ಎರಡೂ ಕೈ ಮೇಲೆತ್ತಿದ.

ಪೊಲೀಸು, ಕೋರ್ಟು, ರದ್ದಾದ ವೀಸಾ, ಎಲ್ಲವೂ ಕಣ್ಣ ಮುಂದೆ ಬಂದವು. "ಅತ್ತೇ, ಇಳಿಸಿ! ಕೆಳಗಿಳಿಸಿ!" ಎಂದು ಕಿರುಚಿದೆ. ಇವಳು ಓಡಿಹೋಗಿ ಅಮ್ಮನ ಕೈಯಿಂದ ಸ್ಕೋಪು ಕಿತ್ತುಕೊಂಡು, ಅದನ್ನು ಎತ್ತಿ ತೋರಿಸಿ, ಬರೀ ಗಾಜು, ಬರೀ ಗಾಜು ಎಂದು ರಸ್ತೆಯಾಚೆಗೆ ಕೂಗಿದಳು. ಅಂಗಡಿಯವನೂ ಬಾಗಿಲಿಗೆ ಬಂದು ಕೈಬೀಸಿ ಸಮಾಧಾನ ಹೇಳಿದ. ಆಗ ರಸ್ತೆಯಾಚೆಯವನು ಕೈ ಇಳಿಸಿದ.

ಅತ್ತೆ ಅವನಿಗೆ ಬಗ್ಗಿ ಕೈಮುಗಿದು, ನಮ್ಮ ಕಡೆ ತಿರುಗಿ ಹೇಳಿದರು: "ಎಷ್ಟು ಮರ್ಯಾದಸ್ಥ ಜನ ನೋಡಿ ಅಳಿಯಂದ್ರೇ! ಮೈಸೂರಲ್ಲಿ ಗುರುತಿಲ್ಲದೋರಿಗೆ ಯಾರು ಹಾಗೆ ಎರಡೂ ಕೈ ಎತ್ತಿ ನಮಸ್ಕಾರ ಮಾಡ್ತಾರೆ?"

ಗುಡ್ ಮಾರ್ನಿಂಗ್

ಕೊನೆಗೆ, ಬಂದಿದ್ದೇ ಬಂದಿದ್ದೀವಿ, ದೊಡ್ಡದೇ ಇರಲಿ ಎಂಬ ಅತ್ತೆಯ ತೀರ್ಪಿನಂತೆ ಭಾರಿ ಜೂಮಿನ ಸ್ಕೋಪೇ ಮನೆಗೆ ಬಂತು. ಜಾಗವನ್ನೂ ಚೆನ್ನಾಗಿ ಬಿಡುತ್ತಿತ್ತು, ಹಾಗಾಗಿ ನಾನೂ ತಲೆಯಾಡಿಸಿದೆ.

ಅಲ್ಲಿಯ ಕ್ಲಬ್ಬಿನವರು ಕಾಡುಹಂದಿ ಬೇಟೆಗೆಂದು ದೂರದ ಒಂದು ಜಮೀನಿಗೆ ಹೊರಟಿದ್ದರು. ಹಂದಿಗಳು ಬೆಳೆಯನ್ನೆಲ್ಲ ಅಗೆದು ಹಾಕುತ್ತಿದ್ದವಂತೆ. ನಮ್ಮದು ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ವಿಚಾರಿಸಿ ತಿನ್ನುವ ಮನೆ. ಇವಳು ಬೇಟೆಯಾಡುವುದಿಲ್ಲ ಎಂದಳು. "ಬೇಡ, ಸುಮ್ಮನೆ ಬಾ. ಮುಸ್ಸಂಜೆ ಬೆಳಕಲ್ಲಿ ನಿನ್ನ ಸ್ಕೋಪು ಹೇಗೆ ಕಾಣುತ್ತೆ ನೋಡು. ಒಳ್ಳೆ ಗಾಜಿನ ಪರೀಕ್ಷೆ ಆಗೋದೇ ಆವಾಗ," ಎಂದು ಅವರು ಕರೆದರು. ಅವಳ ಕಣ್ಣಿಗೆ ಕಾವಲಾಗಿ ನಾನೂ ಹೋದೆ.

ಹೊತ್ತು ಮುಳುಗುವಾಗ ಜಮೀನಿನ ಮನೆಯ ವರಾಂಡದಲ್ಲಿ ಕೂತಿದ್ದೆವು. ಬಾರ್ಬಿ, ಅಂದರೆ ಬಯಲಲ್ಲಿ ಸುಟ್ಟು ತಿನ್ನುವ ಒಲೆ, ಹೊತ್ತಿಸಿದ್ದರು. ಪೊದೆಯಲ್ಲಿ ಎಲ್ಲೋ ಸರಸರ ಸದ್ದಾದಾಗಲೆಲ್ಲ ನಾನು ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ. ಇವಳು ಸ್ಕೋಪನ್ನು ನನ್ನ ಕೈಗಿಟ್ಟಳು. "ಬರೀ ಗಾಜು ಕಣ್ರೀ, ಕಚ್ಚಲ್ಲ. ಅಲ್ಲಿ ಬೇಲಿ ಕಡೆ ನೋಡಿ."

ನೋಡಿದೆ. ಜೂಮ್ ಪೂರ್ತಿ ಏರಿಸಿತ್ತೆಂದು ನನಗೇನು ಗೊತ್ತು? ಬೇಲಿಯೂ ಇಲ್ಲ, ಆಕಾಶವೂ ಇಲ್ಲ, ಕಣ್ಣ ತುಂಬ ಒರಟು ಕಪ್ಪು ರೋಮ! ಅದು ಅಲುಗಾಡುತ್ತ ಇನ್ನೂ ದೊಡ್ಡದಾಗುತ್ತ ನನ್ನ ಕಡೆಗೇ ಬರುತ್ತಿತ್ತು. "ಹಂದೀ! ಹಂದೀ!" ಎಂದು ಅರಚಿ ಊಟದ ಮೇಜಿನ ಮೇಲೆ ಹತ್ತಿ ನಿಂತೆ.

ಎಲ್ಲರೂ ಎದ್ದು ನಿಂತರು. ಎದುರಿಗೆ, ಕೈಯಲ್ಲಿ ಜೋಳದ ತಟ್ಟೆ ಹಿಡಿದು, ಎದೆಮಟ್ಟದ ಕಪ್ಪು ಗಡ್ಡದ ಜಮೀನಿನ ಯಜಮಾನ ನಿಂತಿದ್ದ. ಪಾಪ, ನಾವು ಸಸ್ಯಾಹಾರಿಗಳೆಂದು ನಮಗಾಗಿಯೇ ಜೋಳ ಸುಟ್ಟು ತರುತ್ತಿದ್ದ. "ಹಂದಿ ಅಂದರೇನು?" ಎಂದು ಇವಳನ್ನು ಕೇಳಿದ.

ಆಪರೇಷನ್ ಮಾಡುವಾಗ ಅಲುಗದ ಆ ಮುಖ ಆಗಲೂ ಅಲುಗಲಿಲ್ಲ. "ನಮ್ಮ ಭಾಷೆಯಲ್ಲಿ ಹಿರಿಯರನ್ನ ಗೌರವದಿಂದ ಕರೆಯೋದು ಹಾಗೆ," ಎಂದಳು.

ಮಾರನೆಯ ಬೆಳಗ್ಗೆ ಆತ ಹ್ಯಾಟು ತೆಗೆದು ತಲೆಬಾಗಿಸಿ, ಎಲ್ಲರೆದುರು ನನಗೆ ಗೌರವ ಸಲ್ಲಿಸಿದ: "ಗುಡ್ ಮಾರ್ನಿಂಗ್, ಹಂದಿ."

ಮೊದಲ ಗುಂಡು

ಅಡಿಲೇಡ್‌ಗೆ ಬಂದ ಮೇಲೆ ಹೆದರಿಕೆ ನಿಜವಾಯಿತು. ರೈಫಲ್ ಬಂತು. ಕಬ್ಬಿಣದ ಪೆಟ್ಟಿಗೆಯೊಳಗೆ ಬೀಗ ಹಾಕಿಕೊಂಡು ಅದು ಒಂದು ಕೋಣೆಯಲ್ಲಿದ್ದರೆ ನಾನು ಇನ್ನೊಂದು ಕೋಣೆಯಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದೆ. "ಅಪ್ಪಾ, ಇಟ್ ಕಾಂಟ್ ಹಿಯರ್ ಯು," ಎಂದು ಮಗಳು ನಗುತ್ತಿದ್ದಳು. ಕ್ಲಬ್ಬಿನಲ್ಲಿ ಅದರ ಮೇಲೆ ಸ್ಕೋಪು ಕೂರಿಸಿದ ದಿನ ನಾನು ಒಳಗೆ ಹೋಗಲು ಧೈರ್ಯ ಸಾಲದೆ ಕಾರಿನಲ್ಲೇ ಕೂತಿದ್ದೆ.

ಇನ್ನು ಇವಳು ಅದರಿಂದ ಮೊದಲ ಗುಂಡು ಹೊಡೆಯುವ ದಿನ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಪರ್ತ್‌ನ ಹಿರಿಯರ ಹುಬ್ಬು ಕಣ್ಣ ಮುಂದೆ ಬರುತ್ತಿತ್ತು. ಸೋಮವಾರ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಯಾರ್ಯಾರೋ ಇವಳನ್ನು ನಂಬಿ ಆಪರೇಷನ್ ಮೇಜಿನ ಮೇಲೆ ಮಲಗುತ್ತಾರೆ. ಆ ಕಣ್ಣಿಗೇನಾದರೂ ಆದರೆ ಅವಳು ಬದುಕಿದ್ದೂ ಸತ್ತಂತೆಯೇ, ಅದು ನನಗೆ ಗೊತ್ತು. ಹೊಸಬರಿಗೂ ಮೇಲ್ವಿಚಾರಕರ ಮುಂದೆ ಹೊಡೆಯಲು ಬಿಡುವ ದಿನ ಅದು. ನಾನು ಬಾಯಿಬಿಟ್ಟು ಹೇಳಿಯೇಬಿಟ್ಟೆ.

"ಮೊದಲನೇದು ನಾನು ಹೊಡೀತೀನಿ."

ಇವಳು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ನಿಜವಾಗ್ಲೂ ಆಸೆನಾ?"

"ಬಹಳ ದಿನದ್ದು," ಎಂದೆ. ಹೊಡೆಯುವುದಿದ್ದರೆ ಅದು ನನ್ನನ್ನೇ ಹೊಡೆಯಲಿ, ಆಮೇಲೆ ಸ್ಕೋಪನ್ನು ಸರಿಪಡಿಸಿ ಇವಳಿಗೆ ಕೊಡಲಿ ಎಂಬುದು ನನ್ನ ಲೆಕ್ಕ. ಅವಳಿಗೆ ಹೇಳಲಿಲ್ಲ.

ಚಾಪೆಯ ಮೇಲೆ ಬೋರಲು ಮಲಗಿದೆ. ಮೇಲ್ವಿಚಾರಕರು ಸರಿಯಾಗಿಯೇ ಹೇಳಿಕೊಟ್ಟರು: ಉಸಿರು ಬಿಡು, ಕುತ್ತಿಗೆ ಹಿಂದಿರಲಿ, ಕಣ್ಣು ದೂರವಿರಲಿ. ಎಲ್ಲದಕ್ಕೂ ಹೂಂ ಎಂದೆ. ಆದರೆ ಹೆದರಿದವನು ಹತ್ತಿರವಿದ್ದುದನ್ನು ತಬ್ಬಿಕೊಳ್ಳುತ್ತಾನಲ್ಲ, ನನ್ನ ಹತ್ತಿರ ಇದ್ದದ್ದು ಆ ಬಂದೂಕೊಂದೇ. ಅವರು "ಹಿಂದೆ, ಹಿಂದೆ!" ಎನ್ನುತ್ತಿದ್ದಂತೆಯೇ ಕಣ್ಣು ಮುಚ್ಚಿ, ಅದನ್ನೇ ಅವುಚಿಕೊಂಡು, ಬೆರಳು ಒತ್ತಿಬಿಟ್ಟೆ.

ಆಮೇಲೆ ಬರೀ ಬಿಸಿ ಬಿಸಿ ರಕ್ತ, ಮತ್ತು ಇವಳ ಮುಖ. ನನ್ನ ರೆಪ್ಪೆ ಬಿಡಿಸಿ ಟಾರ್ಚ್ ಹಾಕಿ ನೋಡುತ್ತಿದ್ದಳು. "ಕಣ್ಣಿಗೇನೂ ಆಗಿಲ್ಲ. ಹುಬ್ಬು ಅಷ್ಟೇ. ಕಣ್ಣಿಗೇನೂ ಆಗಿಲ್ಲ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಟಾರ್ಚಿನ ಬೆಳಕು ನನ್ನ ಮುಖದ ಮೇಲೆಲ್ಲ ಓಡಾಡುತ್ತಿತ್ತು. ಅವಳ ಕೈ ನಡುಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಹೊಲಿಗೆ ಹಾಕಲು ತನ್ನಿಂದಾಗದು ಎಂದು ಎಮರ್ಜೆನ್ಸಿಗೆ ಕರೆದೊಯ್ದಳು. ಅಲ್ಲಿನ ಎಳೆಯ ಡಾಕ್ಟರು ಚೆಂದವಾಗಿ ಹೊಲಿದು, ಇವಳನ್ನು ಆಚೆ ಕಳಿಸಿ, ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ ಕೇಳಿದ: "ಎಲ್ಲರನ್ನೂ ಕೇಳ್ತೀವಿ, ತಪ್ಪು ತಿಳೀಬೇಡಿ. ಮನೆಯಲ್ಲಿ ನಿಮ್ಮನ್ನ ಯಾರಾದರೂ ಹೆದರಿಸ್ತಾರಾ?"

"ಇಲ್ಲ ಡಾಕ್ಟ್ರೇ, ಯಾರೂ ಹೆದರಿಸಲ್ಲ. ಹೆದರೋ ಕೆಲಸ ಎಲ್ಲ ನಾನೇ ಮಾಡ್ಕೋತೀನಿ," ಎಂದೆ.

ಮನೆಗೆ ಹೊರಟಾಗ ಹುಬ್ಬು ಸಿಡಿಯುತ್ತಿತ್ತು. ಆದರೂ ಜನ್ಮದಲ್ಲಿ ಮೊದಲ ಸಲ ನಾನು ಧೈರ್ಯವಂತ ಅನ್ನಿಸುತ್ತಿತ್ತು. ಇನ್ನು ಮುಚ್ಚಿಡಲಾಗಲಿಲ್ಲ.

"ಒಂದು ಮಾತು ಹೇಳ್ತೀನಿ ಕೇಳು. ನನಗೆ ಹೊಡೆಯೋ ಆಸೆ ಏನೂ ಇರಲಿಲ್ಲ. ಆ ಏಟು ನಿನ್ನ ಕಣ್ಣಿಗೆ ಬೀಳೋದು ಬೇಡ ಅಂತ ನಾನು ಮೊದಲು ಹೋದೆ. ಸದ್ಯ, ನನಗೇ ಬಿತ್ತು."

ಇವಳು ರಸ್ತೆ ಬದಿಗೆ ಕಾರು ನಿಲ್ಲಿಸಿದಳು. ಸ್ಟೀರಿಂಗಿಗೆ ಹಣೆ ಹಚ್ಚಿದಳು. ಭುಜ ಅಲುಗುತ್ತಿತ್ತು. ಸಮಾಧಾನ ಮಾಡಲು ಬೆನ್ನ ಮೇಲೆ ಕೈಯಿಟ್ಟೆ. ತಲೆಯೆತ್ತಿದಳು, ಕಣ್ಣಲ್ಲಿ ನೀರಿತ್ತು, ಆದರೆ ನಗು ತಡೆಯಲಾಗುತ್ತಿರಲಿಲ್ಲ.

"ರೀ, ಆ ಸ್ಕೋಪನ್ನ ನನ್ನ ಕುತ್ತಿಗೆ, ನನ್ನ ತೋಳು, ನನ್ನ ಕೆನ್ನೆ ಎಲ್ಲ ಅಳತೆ ತಗೊಂಡು ನನಗೇ ಅಂತ ಕೂರಿಸಿದ್ರು. ನನಗೆ ಅದು ಹೊಡೀತಾನೇ ಇರಲಿಲ್ಲ ಕಣ್ರೀ. ನನ್ನ ಅಳತೆಗೆ ಹೊಲಿಸಿದ ರವಿಕೆ ನೀವು ಹಾಕ್ಕೊಂಡು, ಟರ್ ಅಂತ ಹರಿಸ್ಕೊಂಡು, ಸದ್ಯ ಹೆಂಡ್ತಿ ಮೈಮೇಲೆ ಹರೀಲಿಲ್ಲ ಅಂತ ಸಂತೋಷ ಪಡ್ತಿದ್ದೀರಲ್ಲ!"