ಅಣಬೆ ಪಂಡಿತನ ಒಂದು ಸುಳ್ಳು

ಎರಡು ರಾತ್ರಿ ಸುರಿದ ಮಳೆ ಮೂರನೆಯ ದಿನ ನಿಂತು ಬೆಳಿಗ್ಗೆ ಬೆಳಿಗ್ಗೆಯೇ ಬಿಸಿಲು ಬಿತ್ತಲ್ಲ, ವೆಂಡೆಲಿನ್ ಮಲೂಷೆಕ್‌ನ ಗ್ರಹಚಾರ ಶುರುವಾದದ್ದು ಅಲ್ಲಿಂದ. ಸೆಪ್ಟೆಂಬರಿನಲ್ಲಿ ಹೀಗೆ ಮಳೆ ಬಿದ್ದು ಹೀಗೆ ಬಿಸಿಲು ಬಂದರೆ ನಮ್ಮ ಯಾಸೆನ್ಕಾ ಊರಿನಲ್ಲಿ ಒಂದು ನರಪಿಳ್ಳೆಯೂ ಹಾಸಿಗೆಯಲ್ಲಿರುವುದಿಲ್ಲ. ಬುಟ್ಟಿ ಹಿಡಿದು ಕಾಡಿಗೆ, ಅಣಬೆಗೆ. ಜ್ವರ ಬಂದವನೂ ಹೋಗುತ್ತಾನೆ. ಹೆಂಡತಿಯನ್ನು ಹೆರಿಗೆಗೆ ಕರೆದೊಯ್ಯುವವನೂ ದಾರಿಯಲ್ಲಿ ಕಾರು ನಿಲ್ಲಿಸಿ ಒಮ್ಮೆ ಮರದ ಬುಡ ನೋಡಿಕೊಂಡೇ ಮುಂದೆ ಹೋಗುತ್ತಾನೆ.

ಆದರೆ ಅವತ್ತು ವೆಂಡೆಲಿನ್ ಹೋಗಬಾರದಿತ್ತು. ಮಧ್ಯಾಹ್ನ ಮೂರಕ್ಕೆ ಊರಿನ ಸಂಸ್ಕೃತಿ ಭವನದಲ್ಲಿ, ಚೆಕ್ ಮತ್ತು ಸ್ಲೋವಾಕ್ ಸಂಸ್ಕೃತಿಯ ಅಂತರರಾಷ್ಟ್ರೀಯ ವಿದ್ವತ್ ಸಮ್ಮೇಳನದ ಕೊನೆಯ ಗೋಷ್ಠಿಯಲ್ಲಿ, ಅವನ ಪ್ರಬಂಧವಿತ್ತು. ಊರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಹಳೆಯ ತೊಟ್ಟಿಲು, ಮುರಿದ ಕಡೆಗೋಲುಗಳ ಧೂಳು ಒರೆಸುತ್ತ ಹತ್ತೊಂಬತ್ತು ವರ್ಷ ಕಳೆದವನಿಗೆ ಜನ್ಮಕ್ಕೊಮ್ಮೆ ಸಿಕ್ಕಿದ ಅವಕಾಶ. ಕೆನಡಾದಿಂದ ಬಂದ ಪ್ರೊಫೆಸರ್ ಇರ್ಮಾ ಹಾರ್ಗ್ರೀವ್ ತಾವು ಕೂತು ಕೇಳಿದ ಪ್ರಬಂಧಗಳಲ್ಲಿ ಹನ್ನೆರಡನ್ನು ಆರಿಸಿ ಪುಸ್ತಕ ಮಾಡುವವರಿದ್ದರು. ಅವರ ಕಿವಿಗೆ ಬಿದ್ದರೆ ವೆಂಡೆಲಿನ್ ವಿದ್ವಾಂಸ. ಬೀಳದಿದ್ದರೆ ನಿವೃತ್ತಿಯವರೆಗೂ ಧೂಳು ಒರೆಸುವವನೇ.

ಒಂಬತ್ತು ವರ್ಷ ಬರೆದ ಆ ಪ್ರಬಂಧದ ಹೆಸರು, 'ಅಣಬೆ ಜಾಗದ ಗುಟ್ಟು: ನಮ್ಮ ಮನೆಗಳಲ್ಲಿ ಸುಳ್ಳು ಹೇಳುವ ಸಂಪ್ರದಾಯ'. ಅಣಬೆ ಸಿಗುವ ಜಾಗವನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುವುದೇ ಮರ್ಯಾದೆ. ಅಪ್ಪನಾದವನು ಮಗನ ಕಿವಿಯಲ್ಲಿ ಹೇಳುವುದು ಸಾಯುವಾಗ, ಅದೂ ಇನ್ನು ಬದುಕುವುದಿಲ್ಲವೆಂದು ಡಾಕ್ಟರು ಖಾತ್ರಿ ಕೊಟ್ಟ ಮೇಲೆ. ಇಂಥ ಸುಳ್ಳುಗಳನ್ನು ವೆಂಡೆಲಿನ್ ಚೆಕ್-ಸ್ಲೋವಾಕ್ ಗಡಿಯ ಎರಡೂ ಕಡೆ ಮನೆಮನೆ ತಿರುಗಿ ಸಂಗ್ರಹಿಸಿದ್ದ. ಈ ವಿಷಯದಲ್ಲಿ ಅವನನ್ನು ಮೀರಿಸುವ ಪಂಡಿತ ಭೂಮಿಯ ಮೇಲೆ ಇರಲಿಲ್ಲ.

ಒಂದೇ ಒಂದು ಸುತ್ತು ಹಾಕಿ ಬರುತ್ತೇನೆಂದು ಐದೂವರೆಗೆ ಹೊರಟವನು ಏಳೂವರೆಗೆ ತನ್ನ ಗುಟ್ಟಿನ ಜಾಗದಿಂದ ಬುಟ್ಟಿ ತುಂಬ ಹ್ರಿಬ್ ತಂದ. ಕಂದು ಟೋಪಿ, ದಪ್ಪ ಬಿಳಿ ಕಾಲು, ಮಗುವಿನ ಕೆನ್ನೆಯಂಥ ನುಣುಪು. ಅಣಬೆಗಳಲ್ಲಿ ಹ್ರಿಬ್ ಎಂದರೆ ರಾಜ. ಹಿತ್ತಲ ಬಾಗಿಲಿನಿಂದ ಸದ್ದಾಗದಂತೆ ಒಳಗೆ ಬಂದರೆ ಅಡುಗೆಮನೆಯಲ್ಲಿ ಅವನ ಅತ್ತೆ ಫಿಲೊಮೆನಾ ದೊಡ್ಡ ಹಂಡೆಯಲ್ಲಿ ಪ್ಲಮ್ ಹಣ್ಣು ಬೇಯಿಸುತ್ತ ನಿಂತಿದ್ದಳು. ಮನೆ ಅವಳದು. ಎಪ್ಪತ್ತಾರು ವರ್ಷದ ಆ ಮುದುಕಿಯ ಮಂಡಿ ಸವೆದಿತ್ತು, ಕಣ್ಣು ಮಾತ್ರ ಹದ್ದಿನದು.

"ಏನು ಅಳಿಯಂದ್ರೇ, ಇಷ್ಟು ಬೆಳಿಗ್ಗೆನೇ ಪ್ರಬಂಧ ಓದೋಕೆ ಹೋಗಿದ್ರಾ?"

"ಇಲ್ಲ ಅತ್ತೆ, ಸುಮ್ನೆ ಗಾಳಿ ಕುಡಿಯೋಕೆ."

"ಗಾಳಿಗೆ ಬುಟ್ಟಿ ಯಾಕೆ? ನಮಗೂ ಸ್ವಲ್ಪ ತುಂಬ್ಕೊಂಡು ಬರೋಕಾ?" ಅನ್ನುತ್ತ ಅವಳು ಬುಟ್ಟಿಯ ಮೇಲಿನ ಬಟ್ಟೆ ಎತ್ತಿದಳು. "ಅಬ್ಬಬ್ಬಾ! ಎಲ್ಲಿ ಸಿಕ್ತು?"

"ಅಲ್ಲೇ, ಕಾಡಲ್ಲಿ."

"ಕಾಡಲ್ಲಿ ಅಂತ ನನಗೂ ಗೊತ್ತು, ಟ್ರಾಮ್ ಕಂಬಿ ಮೇಲೆ ಬೆಳೆಯಲ್ಲ. ಇಲ್ಲಿಟ್ಟು ಹೋಗಿ, ನಾನು ಕೆರೆದು ಹೆಚ್ಚಿ ಒಣಗೋಕೆ ಹಾಕ್ತೀನಿ."

ಫಿಲೊಮೆನಾಳ ಕೈಗೆ ಬುಟ್ಟಿ ಕೊಟ್ಟು ಹೋಗುವುದೂ ಒಂದೇ, ಬೆಕ್ಕಿನ ಕೈಗೆ ಹಾಲು ಕೊಡುವುದೂ ಒಂದೇ. ಅಣಬೆಯ ಕಾಲಿಗಂಟಿದ ಮಣ್ಣಿನ ಬಣ್ಣ, ಟೋಪಿಗೆ ಮೆತ್ತಿದ ಎಲೆ, ಒಂದು ಚೂರು ಪಾಚಿ ಸಿಕ್ಕರೆ ಸಾಕು, ಮಧ್ಯಾಹ್ನದೊಳಗೆ ಅವಳು ಜಾಗ ಕಂಡುಹಿಡಿಯುತ್ತಾಳೆ. ಇಪ್ಪತ್ತಮೂರು ವರ್ಷದಿಂದ ಅವಳು ಕಾಯುತ್ತಿದ್ದದ್ದೂ ಅದಕ್ಕೇ.

"ಬೇಡ ಅತ್ತೆ. ಭಾಷಣದಲ್ಲಿ ತೋರಿಸೋಕೆ ಬೇಕು," ಎಂದು ಬುಟ್ಟಿಯನ್ನು ಎದೆಗವಚಿಕೊಂಡ.

"ತೋರಿಸಿ, ತೋರಿಸಿ. ನಾನೂ ಬರ್ತೀನಿ ಮೂರು ಗಂಟೆಗೆ. ಒಂಬತ್ತು ವರ್ಷ ನನ್ನ ಮನೇಲಿ ಕರೆಂಟು ಸುಟ್ಟು ಏನು ಬರ್ದಿದೀರಿ ಅಂತ ನೋಡ್ಬೇಕು."

ಭವನದಲ್ಲಿ ಕೋಟು ಬಿಡುವ ಕೋಣೆಯ ಮೂಲೆಯಲ್ಲಿ, ನಲವತ್ತು ವಿದ್ವಾಂಸರ ಕೋಟುಗಳ ಕೆಳಗೆ, ಬುಟ್ಟಿಯನ್ನು ಅಡಗಿಸಿಟ್ಟು ವೆಂಡೆಲಿನ್ ಕೊನೆಯ ಸಾಲಿನಲ್ಲಿ ಹೋಗಿ ಕೂತ. ವೇದಿಕೆಯ ಮೇಲೆ ಹಳೆಯ ಹಳ್ಳಿ ಹಾಡುಗಳ ಬಗ್ಗೆ ಯಾರೋ ಓದುತ್ತಿದ್ದರು. ಚೆಕ್ಕರೂ ಸ್ಲೋವಾಕರೂ ಬೇರೆ ಮನೆ ಮಾಡಿಕೊಂಡ ಅಣ್ಣತಮ್ಮಂದಿರಿದ್ದ ಹಾಗೆ. ದೇಶ ಪಾಲಾದ ಮೇಲೆ ಪ್ರೀತಿ ಜಾಸ್ತಿಯಾಗಿದೆ. ಒಬ್ಬರು ಓದಿದ್ದಕ್ಕೆ ಇನ್ನೊಬ್ಬರು ತಲೆದೂಗುತ್ತ, ನಿಮ್ಮ ಹಾಡೇ ಚೆಂದ, ಛೇ ಛೇ ನಿಮ್ಮದೇ ಚೆಂದ ಎಂದುಕೊಂಡು ಸಭೆ ಸುಖವಾಗಿ ನಡೆದಿತ್ತು.

ಹತ್ತೂವರೆಯ ಹೊತ್ತಿಗೆ ಹೀಟರ್ ಬಿಸಿಯಾಯಿತು. ಕೋಟು ಕೋಣೆಯೂ ಬಿಸಿಯಾಯಿತು. ಮೊದಲು ಹಿಂದಿನ ಸಾಲಿನಲ್ಲಿ ಒಂದು ಮೂಗು ಅರಳಿತು. ಆಮೇಲೆ ಪಕ್ಕದ್ದು. ಮಳೆಯಲ್ಲಿ ನೆಂದ ಕಾಡಿನ ವಾಸನೆ ಸಾಲಿನಿಂದ ಸಾಲಿಗೆ ಮೆಲ್ಲಗೆ ನಡೆದು ಹೋಗುವುದು ವೆಂಡೆಲಿನ್‌ಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಕೊನೆಗೆ ಓದುತ್ತಿದ್ದವರೂ ಹಾಡಿನ ಮಧ್ಯೆ ನಿಲ್ಲಿಸಿ, "ಹ್ರಿಬ್?" ಅಂದರು.

ಕಾಫಿ ವಿರಾಮಕ್ಕೆ ಗಂಟೆಯಾಗುವ ಮೊದಲೇ ಜನ ಎದ್ದರು. ಬ್ರಾಟಿಸ್ಲಾವಾದಿಂದ ಬಂದಿದ್ದ ಜಾನಪದದ ಡಾಕ್ಟರ್ ಸ್ವೆತೊಜಾರ್ ಗಬಾ, ಹೊಟ್ಟೆಯೂ ನಗೆಯೂ ಸಮನಾಗಿ ದೊಡ್ಡದಾಗಿದ್ದ ಮನುಷ್ಯ, ವಾಸನೆಯ ಜಾಡು ಹಿಡಿದುಕೊಂಡೇ ಹೋಗಿ ಕೋಟುಗಳ ಕೆಳಗಿನಿಂದ ಬುಟ್ಟಿ ಎಳೆದ.

"ಯಾರದಯ್ಯಾ ಇದು? ಆ ಪುಣ್ಯಾತ್ಮನ ಕಾಲು ತೋರಿಸಿ, ನಮಸ್ಕಾರ ಮಾಡ್ತೀನಿ!"

ಕೋಟು ಕಾಯುವ ಹೆಂಗಸು ಬೆರಳು ತೋರಿಸಿಬಿಟ್ಟಳು. ಒಂದು ನಿಮಿಷದಲ್ಲಿ ವೆಂಡೆಲಿನ್ ಗೋಡೆಗೆ ಒತ್ತಿಕೊಂಡು ನಿಂತಿದ್ದ, ಸುತ್ತ ನಲವತ್ತು ಜನ.

"ಎಲ್ಲಿ ಸಿಕ್ತು ಹೇಳಪ್ಪಾ," ಅಂದ ಗಬಾ.

"ಕಾಡಲ್ಲಿ."

"ನಾವೇನು ಹಾಲು ಕುಡಿಯೋ ಮಕ್ಕಳಾ? ಯಾವ ಕಾಡು?"

"ಅಣ್ಣಾ, ಹೇಳಬಾರದು. ಸಂಪ್ರದಾಯ ನಿಮಗೂ ಗೊತ್ತು."

"ನಾವು ನಾಡಿದ್ದು ಊರು ಬಿಟ್ಟು ಹೋಗೋರು. ನಿನ್ನ ಕಾಡನ್ನ ಗಂಟು ಕಟ್ಟಿ ಗಡಿ ದಾಟಿಸ್ತೀವಾ?"

ಮ್ಯೂಸಿಯಮ್ಮಿನ ನಿರ್ದೇಶಕಿ ಕ್ವೆತೊಸ್ಲಾವಾ ನಡುವೆ ನುಗ್ಗಿದರು. "ಮಲೂಷೆಕ್ ಅವರೇ, ಅತಿಥಿಗಳು ಕೇಳ್ತಿದಾರೆ. ಊರಿನ ಮಾನ ಕಳೀಬೇಡಿ." ಅವರ ಕಣ್ಣು ಬುಟ್ಟಿಯ ಮೇಲಿತ್ತು. ವೆಂಡೆಲಿನ್‌ನ ರಜೆ ಅರ್ಜಿಗೆ ಸಹಿ ಹಾಕುವವರೂ ಅವರೇ.

ಅಷ್ಟರಲ್ಲಿ ಪ್ರೊಫೆಸರ್ ಇರ್ಮಾ ಒಂದು ಹ್ರಿಬ್ ಎತ್ತಿ ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿದರು. "ನಮ್ಮಪ್ಪ ಈ ದೇಶ ಬಿಟ್ಟು ಕೆನಡಾಕ್ಕೆ ಹೋದ ಮೇಲೆ ಸಾಯೋ ತನಕ ಇದರ ವಾಸನೆನೇ ಹೇಳ್ತಿದ್ದರು," ಅಂದರು. "ನಾನು ಒಂದು ಸಲನೂ ಕೈಯಾರೆ ಕಿತ್ತಿಲ್ಲ."

ಇದಕ್ಕೆ ವೆಂಡೆಲಿನ್ ಕರಗಿದ. ಆದರೆ ಎಷ್ಟು ಕರಗಿದರೂ ಅಣಬೆ ಜಾಗ ಜಾಗವೇ. ಸುಳ್ಳು ಹೇಳಲೇಬೇಕು, ನಂಬುವಂಥದ್ದನ್ನೇ ಹೇಳಬೇಕು. ಒಂಬತ್ತು ವರ್ಷದ ಪಾಂಡಿತ್ಯ ಅವನ ಕೈಬಿಡಲಿಲ್ಲ. ನೆಲ ನೋಡಿದ, ನಿಟ್ಟುಸಿರಿಟ್ಟ, ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ, "ಹಳೇ ಇಟ್ಟಿಗೆ ಗೂಡಿನ ಹಿಂದೆ, ಬರ್ಚ್ ಮರದ ಗುಡ್ಡ," ಅಂದ.

"ಅಲ್ಲಿಯಾ?" ನಿರ್ದೇಶಕಿ ಹುಬ್ಬೇರಿಸಿದರು. "ಅಲ್ಲಿ ವಿಷದ ಅಣಬೆ ಬಿಟ್ರೆ ಏನೂ ಬೆಳೆಯಲ್ಲ ಅಂತ ಊರಿಗೆಲ್ಲ ಗೊತ್ತಲ್ರೀ."

"ನಾನೂ ಹಾಗೇ ಅಂದ್ಕೊಂಡಿದ್ದೆ ಮೇಡಂ," ಅಂದ ವೆಂಡೆಲಿನ್ ಮುಖ ಸಣ್ಣ ಮಾಡಿಕೊಂಡು. ಆ ಸಣ್ಣ ಮುಖ ನೋಡಿಯೇ ಎಲ್ಲರೂ ನಂಬಿದರು. ಬುಟ್ಟಿಯನ್ನು ಅಡುಗೆಯವರು ಎತ್ತಿಕೊಂಡು ಹೋದರು, ಮಧ್ಯಾಹ್ನದ ಸೂಪಿಗೆ. ಹೋದರೆ ಹೋಗಲಿ, ಜಾಗ ಉಳಿಯಿತಲ್ಲ ಎಂದು ವೆಂಡೆಲಿನ್ ಒಳಗೊಳಗೇ ಬೀಗಿದ.

ಸೂಪು ಕುಡಿದದ್ದೇ ತಡ, ವಿದ್ವಾಂಸರಿಗೆ ಏನೇನೋ ಕಾಯಿಲೆ ಶುರುವಾಯಿತು. ಒಬ್ಬರಿಗೆ ತಲೆನೋವು. ಒಬ್ಬರಿಗೆ ಮನೆಯಿಂದ ಫೋನು. ಇಬ್ಬರು ಇತಿಹಾಸಕಾರರು ಚರ್ಚಿನ ಗಂಟೆ ನೋಡಿಬರುತ್ತೇವೆಂದು ಹೋದರು, ಒಬ್ಬರ ಜೇಬಿನಲ್ಲಿ ಅಣಬೆ ಕೊಯ್ಯುವ ಚಾಕು. ಸಮ್ಮೇಳನದ ಲಾಂಛನವಿದ್ದ ಬಟ್ಟೆಚೀಲಗಳೆಲ್ಲ ಖಾಲಿಯಾಗಿ, ಅವುಗಳೊಳಗಿದ್ದ ಪುಸ್ತಕಗಳು ಕಿಟಕಿಯ ಕಟ್ಟೆಯ ಮೇಲೆ ರಾಶಿಯಾಗಿ ಕೂತವು. ಎರಡೂವರೆಗೆ ಹೊರಗೆ ಬಸ್ಸು ಹೊರಟ ಸದ್ದಾಯಿತು. ನಾಳೆ ಅತಿಥಿಗಳನ್ನು ಕೋಟೆ ನೋಡಲು ಕರೆದೊಯ್ಯಬೇಕಿದ್ದ ಬಸ್ಸು ಅದು. ವೆಂಡೆಲಿನ್ ಕಿಟಕಿಗೆ ಓಡಿದ. ಮುಂದಿನ ಸೀಟಿನಲ್ಲಿ ಪ್ರೊಫೆಸರ್ ಇರ್ಮಾ, ಯಾರದೋ ರಬ್ಬರ್ ಬೂಟು ಹಾಕಿಕೊಂಡು, ಹಬ್ಬಕ್ಕೆ ಹೊರಟ ಹುಡುಗಿಯ ಹಾಗೆ ಕೂತಿದ್ದರು. ಪಕ್ಕದಲ್ಲಿ ನಿರ್ದೇಶಕಿ. ಅವನ ಗೋಷ್ಠಿಗೆ ಅಧ್ಯಕ್ಷನಾಗಬೇಕಿದ್ದ ಗಬಾ ಬಸ್ಸಿನ ಬಾಗಿಲಲ್ಲಿ ನಿಂತು ಅವನಿಗೇ ಕೈಬೀಸಿದ.

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದು ವೆಂಡೆಲಿನ್‌ಗೆ ಆಗ ತಿಳಿಯಿತು. ಒಂಬತ್ತು ವರ್ಷ ಬರೆದದ್ದು ಕೇಳಬೇಕಾದವರು, ಅವನದೇ ಸುಳ್ಳು ನಂಬಿ, ಏನೂ ಬೆಳೆಯದ ಗುಡ್ಡಕ್ಕೆ ಹೋಗಿದ್ದರು. ಬರಿಗೈಲಿ ವಾಪಸು ಬಂದ ಮೇಲೆ ಅವನ ಗತಿ ಏನು ಎಂಬುದು ಬೇರೆ. ಅವನಿಗೆ ನಿಜಕ್ಕೂ ಅಳು ಬಂತು.

ಮೂರು ಗಂಟೆಗೆ ಸಭಾಂಗಣದಲ್ಲಿ ಇನ್ನೂರು ಕುರ್ಚಿಗಳಿದ್ದವು. ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಫಿಲೊಮೆನಾ, ಮದುವೆಮನೆಗೆ ಉಡುವ ನೀಲಿ ಉಡುಪು ತೊಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅತ್ತೆ, ಯಾರೂ ಇಲ್ಲ. ಮನೆಗೆ ಹೋಗೋಣ."

"ಯಾರೂ ಇಲ್ವಾ? ನಾನೇನು ಕುರ್ಚೀನಾ? ಓದಿ. ಈ ಮಂಡಿ ಇಟ್ಕೊಂಡು ಅಷ್ಟು ಮೆಟ್ಲು ಹತ್ತಿ ಬಂದಿದೀನಿ."

ವೆಂಡೆಲಿನ್ ಓದಿದ. ಮೊದಲೆರಡು ಪುಟ ಸಾವಿನ ಸುದ್ದಿ ಓದಿದ ಹಾಗೆ ಓದಿದ. ಆಮೇಲೆ ಕಾಗದ ಮಡಿಸಿಟ್ಟು ಸುಮ್ಮನೆ ಹೇಳತೊಡಗಿದ. ನೆಂಟರಿಗೆ ಹೇಳುವ ಸುಳ್ಳು, ಪಾದ್ರಿಗೆ ಹೇಳುವ ಸುಳ್ಳು, ಎದುರುಮನೆಯವನು ಹಿಂಬಾಲಿಸಿದನೆಂದು ಎರಡು ಗಂಟೆ ಸುಮ್ಮನೆ ಕಾಡು ಸುತ್ತಿಸಿ ಅವನನ್ನು ಬೇರೆ ಊರಲ್ಲಿ ಬಿಟ್ಟುಬಂದ ಮುದುಕ, ಗಂಡನಿಗೂ ಹೇಳದೆ ಗುಟ್ಟು ಉಳಿಸಿಕೊಂಡು, ಗಂಡ ಸತ್ತ ಮೇಲೆ ಸಮಾಧಿಯ ಮುಂದೆ ನಿಂತು ಹೇಳಿದ ಹೆಂಗಸು. ಫಿಲೊಮೆನಾ ಮೊದಲು ಕಿಸಕ್ಕೆಂದಳು. ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಸಮಾಧಿಯ ಮಾತಿಗೆ ಕರವಸ್ತ್ರ ತೆಗೆದಳು. ಮುಗಿದಾಗ ಇನ್ನೂರು ಕುರ್ಚಿಗಳ ನಡುವೆ ಒಂಟಿ ಚಪ್ಪಾಳೆ ಬಹಳ ಹೊತ್ತು ಕೇಳಿಸಿತು. ವೆಂಡೆಲಿನ್‌ಗೆ ಆ ಕ್ಷಣಕ್ಕೆ ಕೆನಡಾ ಮರೆತುಹೋಯಿತು.

"ಬನ್ನಿ ಇಲ್ಲಿ, ಕೂತ್ಕೊಳ್ಳಿ," ಅಂದಳು ಅತ್ತೆ. "ಇಪ್ಪತ್ತಮೂರು ವರ್ಷ ನಿಮ್ಮನ್ನ ಕೆಲಸಕ್ಕೆ ಬಾರದೋನು ಅಂದ್ಕೊಂಡಿದ್ದೆ. ತಪ್ಪಾಯ್ತು. ನನಗೆ ಇನ್ನು ಕಾಡಿಗೆ ಹೋಗೋಕಾಗಲ್ಲ. ಮಗಳಿಗೂ ಹೇಳಿಲ್ಲ, ಅವಳ ಬಾಯಲ್ಲಿ ಮಾತು ನಿಲ್ಲಲ್ಲ. ನಮ್ಮಪ್ಪ ನನಗೆ ಕೊಟ್ಟ ಜಾಗ ನಿಮಗೆ ಕೊಡ್ತೀನಿ."

ಮನೆ ಬರೆದುಕೊಟ್ಟಿದ್ದರೂ ವೆಂಡೆಲಿನ್‌ಗೆ ಇಷ್ಟು ಸಂತೋಷವಾಗುತ್ತಿರಲಿಲ್ಲ.

ಅವಳು ಎಡಕ್ಕೂ ಬಲಕ್ಕೂ ನೋಡಿ ಅವನ ಕಿವಿಯ ಹತ್ತಿರ ಬಗ್ಗಿದಳು. "ಹಳೇ ಇಟ್ಟಿಗೆ ಗೂಡಿನ ಹಿಂದೆ, ಬರ್ಚ್ ಗುಡ್ಡ."

"ಅತ್ತೆ... ಅಲ್ಲಿ ಏನೂ ಬೆಳೆಯಲ್ಲ ಅಂತ... ಊರಿಗೆಲ್ಲ..."

"ಊರಿಗೆ ಹೇಳಿದ್ದು ಯಾರು ಮತ್ತೆ? ಮೊದ್ಲು ನಮ್ಮಪ್ಪ, ಆಮೇಲೆ ನಾನು! ಅಂಗಡೀಲಿ, ಚರ್ಚಲ್ಲಿ, ಸಾವಿನ ಮನೇಲಿ, ಹೇಳಿ ಹೇಳಿ ಇಡೀ ಊರು ನಂಬೋ ಹಾಗೆ ಮಾಡಿದ್ವಿ. ಎಪ್ಪತ್ತು ವರ್ಷ ಒಂದು ನಾಯಿನೂ ಅಲ್ಲಿ ಕಾಲಿಟ್ಟಿಲ್ಲ." ಅವಳು ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿದಳು. "ನೀವು ಎಷ್ಟೋ ಥರದ ಸುಳ್ಳು ಬರ್ದಿದೀರಿ. ನಮ್ಮಪ್ಪಂದು ಒಂದು ಬಿಟ್ಟುಹೋಗಿದೆ."

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು.

ಬಾಗಿಲು ತೆರೆದು ವಿದ್ವಾಂಸರು ನುಗ್ಗಿದರು. ಮೊಣಕಾಲವರೆಗೆ ಕೆಸರು, ತಲೆಯಲ್ಲಿ ಎಲೆ, ಮುಖದಲ್ಲಿ ಮಕ್ಕಳ ನಗು. ಚೀಲಗಳು ತುಂಬಿ, ಟೋಪಿಗಳು ತುಂಬಿ, ಗಬಾ ಅಂಗಿ ಬಿಚ್ಚಿ ಅದರಲ್ಲೂ ಮೂಟೆ ಕಟ್ಟಿದ್ದ. "ಮಲೂಷೆಕ್! ನಿನ್ನ ಹೊಟ್ಟೆ ತಣ್ಣಗಿರಲಿ! ಗುಡ್ಡ ಅಲ್ಲ ಕಣೋ ಅದು, ಖಜಾನೆ! ಒಂದೂ ಬಿಡದೆ ಬಳ್ಕೊಂಡು ಬಂದಿದೀವಿ!"

ಪ್ರೊಫೆಸರ್ ಇರ್ಮಾ ಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. "ನಿಮ್ಮ ಪ್ರಬಂಧ ಕೇಳೋಕಾಗಲಿಲ್ಲ, ಕ್ಷಮಿಸಿ. ಹನ್ನೆರಡು ಆಗಲೇ ಬಸ್ಸಲ್ಲಿ ಆರಿಸಿಬಿಟ್ಟೆ. ಆದ್ರೆ ನಿಮ್ಮ ಉಪಕಾರ ಮರೆಯಲ್ಲ. ಮುನ್ನುಡಿಯಲ್ಲಿ ಆ ಜಾಗದ ಬಗ್ಗೆ ಬರೀತೀನಿ, ನಕ್ಷೆ ಸಮೇತ."

ಫಿಲೊಮೆನಾ ಮೆಲ್ಲಗೆ ಎದ್ದಳು. ಹತ್ತಿರದ ಚೀಲದಿಂದ ಒಂದು ಹ್ರಿಬ್ ತೆಗೆದು ಕಾಲಿನ ಮಣ್ಣು ನೋಡಿದಳು, ಮೂಸಿದಳು, ಮತ್ತೆ ಒಳಗಿಟ್ಟಳು. "ಜಾಗ ತೋರಿಸಿದ್ದು ಯಾರು?" ಎಂದು ಬಹಳ ವಿನಯದಿಂದ ಕೇಳಿದಳು.

ಕೃತಜ್ಞತೆ ತುಂಬಿದ ನಲವತ್ತು ಕೈಗಳು ವೆಂಡೆಲಿನ್‌ನ ಕಡೆ ಎದ್ದವು.

ಅವಳು ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕುರ್ಚಿಯಲ್ಲಿ ಮತ್ತೆ ಕೂತು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಹೇಳಿದಳು:

"ಆಯ್ತು ಅಳಿಯಂದ್ರೇ. ನಂದು ನೀವು ಹಂಚಿದ್ರಿ. ಇವತ್ತು ಬೆಳಿಗ್ಗೆ ನೀವು ಬುಟ್ಟಿ ತುಂಬಿದ್ದು ಮಾತ್ರ ಬೇರೆ ಕಡೆ, ಆ ಮಣ್ಣು ಬೇರೆ ಬಣ್ಣ. ಅದು ಎಲ್ಲಿ ಅಂತ ಈಗ ಹೇಳಿ."

ಗಬಾ ಮೂಟೆ ಕೆಳಗಿಟ್ಟ. ನಿರ್ದೇಶಕಿ ಪೆನ್ನು ತೆಗೆದರು. ಪ್ರೊಫೆಸರ್ ಇರ್ಮಾ ಮುಂದಿನ ಸಾಲಿಗೆ ಬಂದು, ಬೂಟಿನ ಕೆಸರನ್ನೂ ಲೆಕ್ಕಿಸದೆ, ಟಿಪ್ಪಣಿ ಪುಸ್ತಕ ಬಿಡಿಸಿ ಕೂತರು. ಒಬ್ಬೊಬ್ಬರಾಗಿ ನಲವತ್ತು ವಿದ್ವಾಂಸರೂ ಕೂತು, ವೆಂಡೆಲಿನ್ ಮಲೂಷೆಕ್‌ನ ಬಾಯನ್ನೇ ನೋಡುತ್ತ, ಅವನ ಮಾತಿಗಾಗಿ ಕಾದರು.